ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಗುವಿಗೆ ನಿಧಿ: ಎಷ್ಟು, ಯಾವುದಕ್ಕೆ, ಯಾವ ಖಾತೆಗೆ?

ಪೆರ್ಲ_ಸಮಿತಿ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಐದು ವರ್ಷದ ಒಂದು ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್ (ಸಿಎಫ್), ಅಂದರೆ ಶ್ವಾಸಕೋಶದಲ್ಲಿ ಕಫ ಅಂಟಾಗಿ ನಿಲ್ಲುವ, ತಿಂದದ್ದು ಸರಿಯಾಗಿ ಜೀರ್ಣವಾಗದ ಹುಟ್ಟಿನ ಕಾಯಿಲೆ ಉಂಟೆಂದು ಗೊತ್ತಾಗಿದೆ. ತೂಕ 15 ಕಿಲೋ. ಬೆವರಿನ ಪರೀಕ್ಷೆಯಲ್ಲಿ ಕ್ಲೋರೈಡ್ 98 ಬಂತು. ಜೀನ್ ಪರೀಕ್ಷೆಗೆ ರಕ್ತ ಕೊಟ್ಟಾಗಿದೆ, ವರದಿ ಕೈಗೆ ಬಂದಿಲ್ಲ. ವಾರ್ಡ್ ಮೆಂಬರು, ಭಜನಾ ಮಂದಿರದವರು, ಜಮಾತಿನವರು, ಇಗರ್ಜಿಯವರು ಎಲ್ಲ ಸೇರಿ ಚಿಕಿತ್ಸಾ ಸಹಾಯ ಸಮಿತಿ ಮಾಡಿದ್ದೇವೆ. ಬಿರಿಯಾನಿ ಚಾಲೆಂಜ್ (ಕೂಪನ್ ಮಾರಿ ಬಿರಿಯಾನಿ ಪೊಟ್ಟಣ ಕೊಡುವುದು), ಬಸ್ಸುಗಳ ಕಾರುಣ್ಯ ಯಾತ್ರೆ (ಆ ದಿನದ ಸಂಗ್ರಹ ನಿಧಿಗೆ), ಒಂದು ರಾತ್ರಿಯ ಯಕ್ಷಗಾನ ಬಯಲಾಟ ಎಂದು ಯೋಚನೆ.

ಪೋಸ್ಟರಿನ ಕರಡಿನಲ್ಲಿ ಹೀಗೆ ಬರೆದಿದ್ದೇವೆ: "ರೋಗ ಪೂರ್ತಿ ಗುಣಪಡಿಸುವ ವಿದೇಶಿ ಔಷಧಿಗೆ 50 ಲಕ್ಷ ರೂಪಾಯಿ ಬೇಕು." ಇದು ಸರಿಯಾ? ಹಣ ಮಗುವಿನ ತಂದೆಯ ಖಾತೆಗೇ ಬಂದರೆ ಸಾಕಾ? ವರದಿ ಬರುವವರೆಗೆ ಆ ಮನೆಗೆ ತುರ್ತಾಗಿ ಬೇಕಾದ್ದು ಎಂತೆಲ್ಲ? ಮುಳ್ಳೇರಿಯ ಕಡೆಯಲ್ಲೂ ಇದೇ ಕಾಯಿಲೆಯ ಹುಡುಗನೊಬ್ಬ ಇದ್ದಾನೆ, ಉದ್ಘಾಟನೆಯ ದಿನ ಇಬ್ಬರು ಮಕ್ಕಳನ್ನೂ ವೇದಿಕೆಗೆ ಕರೆಸಿದರೆ ಜನರಿಗೆ ಬೇಗ ಅರ್ಥ ಆಗ್ತದೆ ಅಂತ ಕೆಲವರು ಹೇಳ್ತಾರೆ. ಇದು ಗೇರುತೋಟಕ್ಕೆ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನಿನಿಂದ ಬಂದದ್ದು, ಆ ಸಂತ್ರಸ್ತರ ಪಟ್ಟಿಗೇ ಸೇರಿಸಿ ಅಂತ ಹೇಳುವ ಹಿರಿಯರೂ ಇದ್ದಾರೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಬರೆಯಿರಿ.

ನೀರ್ಚಾಲು_ಫಿಸಿಯೋ

ವೇದಿಕೆಯ ವಿಷಯ ಮೊದಲು. ಸಿಎಫ್ ಇರುವ ಇಬ್ಬರು ಮಕ್ಕಳನ್ನು ಒಂದೇ ವೇದಿಕೆಗೆ, ಒಂದೇ ಕೋಣೆಗೆ, ಒಂದೇ ಕಾರಿಗೆ ಸೇರಿಸಲೇಬೇಡಿ. ಈ ಮಕ್ಕಳ ಶ್ವಾಸಕೋಶದಲ್ಲಿ ಕಫ ಅಂಟಾಗಿ ನಿಲ್ಲುತ್ತದೆ, ಅದರಲ್ಲಿ ಸ್ಯೂಡೋಮೊನಾಸ್, ಬರ್ಕೋಲ್ಡೇರಿಯಾದಂಥ ಬ್ಯಾಕ್ಟೀರಿಯಾ ಬೀಡುಬಿಡುತ್ತವೆ. ನಮಗೆ ನಿಮಗೆ ಅವು ಏನೂ ಮಾಡುವುದಿಲ್ಲ. ಒಬ್ಬ ಸಿಎಫ್ ರೋಗಿಯಿಂದ ಇನ್ನೊಬ್ಬ ಸಿಎಫ್ ರೋಗಿಗೆ ದಾಟಿದರೆ ಅಪಾಯ, ಒಮ್ಮೆ ನೆಲೆಯಾದ ಮೇಲೆ ಓಡಿಸುವುದು ಬಹಳ ಕಷ್ಟ. ಹೊರಗಿನ ಬಯಲಿನಲ್ಲೂ ಇಬ್ಬರ ನಡುವೆ ಕನಿಷ್ಠ ಎರಡು ಮೀಟರ್ ಬೇಕು, ಒಳಾಂಗಣದ ಕಾರ್ಯಕ್ರಮಕ್ಕಾದರೆ ಸಿಎಫ್ ಇರುವವರು ಒಬ್ಬರೇ ಇರಬೇಕು. ಎರಡೂ ಮನೆಯ ತಂದೆ ತಾಯಿ ಭೇಟಿಯಾಗಲಿ, ಅದರಿಂದ ತುಂಬ ಪ್ರಯೋಜನ ಉಂಟು. ಮಕ್ಕಳು ಫೋನಿನಲ್ಲಿ ಮಾತಾಡಲಿ. ಒಂದೇ ದಿನ ಒಂದೇ ಆಸ್ಪತ್ರೆಯ ಒಪಿಗೆ ಹೋಗುವುದಾದರೆ ಸಮಯ ಬೇರೆ ಬೇರೆ ಕೇಳಿಕೊಳ್ಳಿ.

ಇಷ್ಟು ಹೇಳಿದ ಕೂಡಲೇ ಊರಿನಲ್ಲಿ "ಅಂಟುರೋಗವಂತೆ" ಎಂದು ಹಬ್ಬಬಾರದು. ಶಾಲೆಯ ಮಕ್ಕಳಿಗೆ, ಮನೆಯವರಿಗೆ ಈ ಕಾಯಿಲೆ ಹರಡುವುದಿಲ್ಲ. ಕೆಮ್ಮು ಕೇಳಿ ಟಿಬಿ ಎಂದುಕೊಳ್ಳುವವರಿಗೂ ಇದನ್ನೇ ಹೇಳಿ.

ಎಂಡೋಸಲ್ಫಾನ್ ಬಗ್ಗೆ. ನಿಮ್ಮ ಪಂಚಾಯತಿನಲ್ಲಿ ಆ ಪ್ರಶ್ನೆ ಏಳುವುದು ಸಹಜ, ಗೇರುತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿದ ವರ್ಷಗಳನ್ನು ನೋಡಿದ ಜನ ಅವರು. ಆದರೆ ಸಿಎಫ್ ಬರುವುದು ಏಳನೇ ವರ್ಣತಂತುವಿನಲ್ಲಿರುವ ಸಿಎಫ್‌ಟಿಆರ್ ಎಂಬ ಜೀನಿನ ದೋಷದಿಂದ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಪ್ರತಿ ಕೆಟ್ಟದ್ದೇ ಬಂದರೆ ಮಾತ್ರ ಕಾಯಿಲೆ. ತಂದೆ ತಾಯಿ ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಮುಂದಿನ ಪ್ರತಿ ಬಸಿರಿನಲ್ಲೂ ನಾಲ್ಕಕ್ಕೆ ಒಂದು ಪಾಲು ಸಾಧ್ಯತೆ. ಸಿಂಪಡಣೆಗೂ ಇದಕ್ಕೂ ಸಂಬಂಧ ಇಲ್ಲ, ಆ ಪಟ್ಟಿಯ ಅರ್ಜಿಗೆ ಓಡಾಡಿದರೆ ತಿಂಗಳುಗಳು ಹಾಳು. ಅಂಗವಿಕಲ ಪ್ರಮಾಣಪತ್ರಕ್ಕೂ ಕೆಲವರು ಕಳಿಸುತ್ತಾರೆ. 2016ರ ಕಾನೂನಿನ 21 ವಿಧಗಳಲ್ಲಿ ತಲಸ್ಸೀಮಿಯಾ, ಹೀಮೋಫಿಲಿಯಾ ಉಂಟು, ಸಿಎಫ್ ಇಲ್ಲ.

ಈಗ "ಪೂರ್ತಿ ಗುಣಪಡಿಸುವ" ಎಂಬ ಮಾತು. ಅದನ್ನು ಪೋಸ್ಟರಿನಿಂದ ತೆಗೆಯಿರಿ. ಸಿಎಫ್ ಅನ್ನು ಬೇರುಸಹಿತ ಕೀಳುವ ಔಷಧಿ ಇವತ್ತಿಗೂ ಇಲ್ಲ. ನಿಮ್ಮ ಮನಸ್ಸಿನಲ್ಲಿ ಇರುವುದು ಎಲೆಕ್ಸಾಕ್ಯಾಫ್ಟರ್, ಟೆಜಾಕ್ಯಾಫ್ಟರ್, ಐವಾಕ್ಯಾಫ್ಟರ್ ಮೂರೂ ಸೇರಿದ ಮಾತ್ರೆ, ಟ್ರೈಕಾಫ್ಟಾ. ಅಮೆರಿಕದಲ್ಲಿ 2019ರ ಅಕ್ಟೋಬರಿನಲ್ಲಿ 12 ವರ್ಷ ಮೇಲ್ಪಟ್ಟವರಿಗೆ ಮಂಜೂರಾಯಿತು, 2021ರಲ್ಲಿ ಆರು ದಾಟಿದವರಿಗೆ, 2023ರಲ್ಲಿ ಎರಡರಿಂದ ಐದು ವರ್ಷದವರಿಗೆ. ಜೀನಿನ ದೋಷ ಹಾಗೇ ಇರುತ್ತದೆ. ಆ ಜೀನ್ ತಯಾರಿಸುವ ಪ್ರೋಟೀನು ಜೀವಕೋಶದ ಅಂಚಿಗೆ ತಲುಪಿ ಉಪ್ಪು ನೀರನ್ನು ಸರಿಯಾಗಿ ದಾಟಿಸುವ ಹಾಗೆ ಈ ಮಾತ್ರೆ ಮಾಡುತ್ತದೆ, ಅಷ್ಟೆ. ದಿನಾ ತಗೊಳ್ಳಬೇಕು, ಬಿಟ್ಟರೆ ಪರಿಣಾಮವೂ ಬಿಡುತ್ತದೆ. ಹೊಂದುವ ಮಕ್ಕಳಲ್ಲಿ ಅದರಿಂದ ಆಗುವ ಬದಲಾವಣೆ ನಿಜಕ್ಕೂ ದೊಡ್ಡದು, ಹಾಗಾಗಿ ಆಸೆ ಇಡುವುದು ತಪ್ಪಲ್ಲ.

ಆದರೆ ಅದು ಈ ಮಗುವಿಗೆ ಹೊಂದುತ್ತದೋ ಎಂದು ಹೇಳುವುದು ಜೀನ್ ವರದಿ ಮಾತ್ರ. ಎಫ್508ಡೆಲ್ ಎಂಬ ಬದಲಾವಣೆ ಒಂದು ಪ್ರತಿಯಲ್ಲಾದರೂ ಇದ್ದರೆ ಒಳ್ಳೆಯ ಸೂಚನೆ. ಯುರೋಪ್ ಮೂಲದ ರೋಗಿಗಳಲ್ಲಿ ಹೆಚ್ಚಿನವರಿಗೆ ಅದು ಇರುತ್ತದೆ, ನಮ್ಮಲ್ಲಿ ಅದರ ಪಾಲು ಕಡಿಮೆ. ಬೇರೆ ಹಲವು ಬದಲಾವಣೆಗಳಿಗೂ ಮಾತ್ರೆ ಕೆಲಸ ಮಾಡುತ್ತದೆ. ಎರಡೂ ಪ್ರತಿಯಲ್ಲಿ ಪ್ರೋಟೀನೇ ತಯಾರಾಗದ ಬಗೆಯ ದೋಷ ಇದ್ದರೆ ಮಾತ್ರೆಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಕೊಟ್ಟಿರುವುದು ಪೂರ್ತಿ ಜೀನ್ ಸೀಕ್ವೆನ್ಸಿಂಗಾ, ಇಲ್ಲ ಕೆಲವೇ ಬದಲಾವಣೆಗಳ ಪ್ಯಾನೆಲಾ ಎಂದು ಲ್ಯಾಬಿನಲ್ಲಿ ಕೇಳಿ. ಯುರೋಪಿನವರ ಲೆಕ್ಕದ ಸಣ್ಣ ಪ್ಯಾನೆಲಿನಲ್ಲಿ ನಮ್ಮ ಕಡೆಯ ದೋಷಗಳು ತಪ್ಪಿಹೋಗುತ್ತವೆ. ಒಂದೇ ದೋಷ ಸಿಕ್ಕಿದೆ ಎಂದು ವರದಿ ಬಂದರೆ ಡಿಲೀಷನ್ ಡೂಪ್ಲಿಕೇಷನ್ ಪರೀಕ್ಷೆ (ಜೀನಿನ ತುಂಡು ಬಿಟ್ಟುಹೋಗಿದೆಯೋ, ಎರಡೆರಡು ಸಲ ಬಂದಿದೆಯೋ ಎಂದು ನೋಡುವುದು) ಮಾಡಿಸಬೇಕು. ತಂದೆ ತಾಯಿಯ ರಕ್ತವನ್ನೂ ಪರೀಕ್ಷಿಸಿದರೆ ಎರಡು ದೋಷ ಎರಡು ಕಡೆಯಿಂದ ಬಂದದ್ದು ಎಂದು ಖಚಿತವಾಗುತ್ತದೆ. ಇನ್ನೊಂದು ಮಗು ಬೇಕೆಂದರೆ 11ರಿಂದ 13ನೇ ವಾರದಲ್ಲಿ ಮಾಡುವ ಪರೀಕ್ಷೆಗೂ ಇದೇ ವರದಿ ಆಧಾರ. ನಿಧಿಯ ಮೊದಲ ಹಣ ಇದಕ್ಕೆ ಹೋಗಲಿ.

ಕುಂಬಳೆ_ಮೆಡಿಕಲ್ಸ್

ಫಿಸಿಯೋದವರು ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. ಟ್ರೈಕಾಫ್ಟಾ ಬಿಡುಗಡೆಯಾದಾಗ ಅಮೆರಿಕದಲ್ಲಿ ವರ್ಷದ ಪಟ್ಟಿ ಬೆಲೆ 3,11,000 ಡಾಲರಿನಷ್ಟು. ಅಂದಿನ ವಿನಿಮಯ ದರದಲ್ಲೇ ಎರಡು ಕೋಟಿ ರೂಪಾಯಿ ದಾಟುತ್ತದೆ. ನಿಮ್ಮ 50 ಲಕ್ಷ ಮೂರು ತಿಂಗಳಿಗೂ ಸಾಲದು. ನಾಲ್ಕನೇ ತಿಂಗಳು ಎಂತ ಮಾಡುವುದು? 2021ರಲ್ಲಿ ಕಣ್ಣೂರಿನ ಮಾಟ್ಟೂಲಿನಲ್ಲಿ ಎಸ್‌ಎಂಎ (ಸ್ನಾಯುಗಳ ಶಕ್ತಿ ಕುಂದುವ ಜೀನಿನ ಕಾಯಿಲೆ) ಇರುವ ಮಗುವಿಗೆಂದು 18 ಕೋಟಿ ಕೇಳಿದಾಗ ಕೆಲವೇ ದಿನಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಬಂತು, ಎಲ್ಲರ ಮನಸ್ಸಿನಲ್ಲೂ ಅದೇ ಉಂಟು. ಅದು ಒಂದೇ ಸಲ ಕೊಡುವ ಇಂಜೆಕ್ಷನ್. ಸಿಎಫ್ ಹಾಗಲ್ಲ. ಇಲ್ಲಿ ಬೇಕಾದ್ದು ದೊಡ್ಡ ಕೊಪ್ಪರಿಗೆಯಲ್ಲ, ತಿಂಗಳು ತಿಂಗಳು ಬತ್ತದ ಒರತೆ.

ಅರ್ಜೆಂಟೀನಾದಲ್ಲಿ ಗಾಡೋರ್ ಕಂಪೆನಿ ಇದೇ ಮೂರು ಔಷಧಿಗಳ ಜೆನೆರಿಕ್ ಮಾಡುತ್ತದೆ, ಮೂಲ ಕಂಪೆನಿಯ ಬೆಲೆಗಿಂತ ಬಹಳ ಕಡಿಮೆಗೆ. ಬೇರೆ ದೇಶಗಳ ಕುಟುಂಬಗಳು ಅಲ್ಲಿಂದ ತರಿಸಿಕೊಳ್ಳುತ್ತವೆ. ನಮ್ಮಲ್ಲಿ ಸ್ವಂತ ಬಳಕೆಗೆ ತರಿಸಲು ದಾರಿ ಉಂಟು: ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಗೆ ಫಾರ್ಮ್ 12ಎಯಲ್ಲಿ ಅರ್ಜಿ, ಫಾರ್ಮ್ 12ಬಿಯಲ್ಲಿ ಪರವಾನಗಿ. ವೈದ್ಯರ ಚೀಟಿಯಲ್ಲಿ ಔಷಧಿಯ ಜೆನೆರಿಕ್ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಒಟ್ಟು ಎಷ್ಟು ಮಾತ್ರೆ ಎಂದು ಸ್ಪಷ್ಟ ಇರಬೇಕು. ಚೀಟಿಯ ಸಂಖ್ಯೆಗೂ ಅರ್ಜಿಯ ಸಂಖ್ಯೆಗೂ ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತದೆ. ರಾಷ್ಟ್ರೀಯ ಅಪರೂಪದ ರೋಗ ನೀತಿಯ ಪಟ್ಟಿಯಲ್ಲಿರುವ ರೋಗಗಳಿಗೆ ಸ್ವಂತ ಬಳಕೆಗೆ ತರಿಸುವ ಔಷಧಿಗೆ 2023ರ ಏಪ್ರಿಲ್ 1ರಿಂದ ಮೂಲ ಕಸ್ಟಮ್ಸ್ ಸುಂಕ ಇಲ್ಲ, ಜಿಲ್ಲಾ ವೈದ್ಯಾಧಿಕಾರಿಯ ಪ್ರಮಾಣಪತ್ರ ಬೇಕು. ಬಿಲ್ಲಿಲ್ಲದೆ, ಬ್ಯಾಚ್ ನಂಬರಿಲ್ಲದೆ ವಾಟ್ಸಾಪಿನಲ್ಲಿ ಮಾರುವವರಿಂದ ಖಂಡಿತ ಬೇಡ.

ಈ ಮಾತ್ರೆ ಶುರು ಮಾಡುವ ಮೊದಲು ಲಿವರ್ ಪರೀಕ್ಷೆ, ಮೊದಲ ಆರು ತಿಂಗಳು ತಿಂಗಳಿಗೊಮ್ಮೆ, ಮುಂದಿನ ಒಂದು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಮತ್ತೆ ಪರೀಕ್ಷೆ. ಕೊಬ್ಬಿರುವ ಊಟದ ಜತೆಗೆ ಕೊಡಬೇಕು, ಬರೀ ಹೊಟ್ಟೆಗೆ ಕೊಟ್ಟರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ನಮ್ಮ ಊರಿಗೆ ಮುಖ್ಯವಾದ ಇನ್ನೊಂದು ಮಾತು: ಟಿಬಿಗೆ ಕೊಡುವ ರಿಫಾಂಪಿಸಿನ್ ಈ ಔಷಧಿಯ ಅಂಶವನ್ನು ರಕ್ತದಲ್ಲಿ ಇಳಿಸಿಬಿಡುತ್ತದೆ. ಬರೀ ಸಂಶಯದ ಮೇಲೆ ಟಿಬಿ ಮದ್ದು ಶುರು ಮಾಡುವ ಮೊದಲು ಸಿಎಫ್ ನೋಡುವ ವೈದ್ಯರಿಗೆ ತಿಳಿಸಲೇಬೇಕು.

ಇನ್ನು ತುರ್ತಿನದ್ದು. ಮಾತ್ರೆ ಸಿಕ್ಕಲಿ ಬಿಡಲಿ, ನಾಳೆ ಬೆಳಿಗ್ಗೆಯಿಂದಲೇ ಬೇಕಾದ ಸಾಮಾನು ಇವು.

ಮೇದೋಜೀರಕದ ಕಿಣ್ವ, ಅಂದರೆ ಕ್ರಿಯೋನ್ ತರದ ಕ್ಯಾಪ್ಸೂಲ್. ಹೆಚ್ಚಿನ ಸಿಎಫ್ ಮಕ್ಕಳಲ್ಲಿ ಕಿಣ್ವ ಕರುಳಿಗೆ ಇಳಿಯುವುದಿಲ್ಲ, ತಿಂದ ಕೊಬ್ಬು ಹಾಗೇ ಹೊರಗೆ ಹೋಗುತ್ತದೆ. ಮಲದಲ್ಲಿ ಇಲಾಸ್ಟೇಸ್ ಎಂಬ ಮೇದೋಜೀರಕದ ಕಿಣ್ವ ಗ್ರಾಮಿಗೆ 200 ಮೈಕ್ರೋಗ್ರಾಮಿಗಿಂತ ಕಡಿಮೆ ಇದ್ದರೆ ಕಿಣ್ವ ಬೇಕು. ಪ್ರಮಾಣ ಒಂದು ಊಟಕ್ಕೆ ಕಿಲೋ ತೂಕಕ್ಕೆ 500ರಿಂದ 2,500 ಲೈಪೇಸ್ ಯೂನಿಟ್, ದಿನಕ್ಕೆ ಕಿಲೋಗೆ 10,000 ದಾಟಬಾರದು. ದಾಟಿದರೆ ದೊಡ್ಡ ಕರುಳು ಗಡುಸಾಗಿ ಕಿರಿದಾಗುವ ಅಪಾಯ ಉಂಟು. 15 ಕಿಲೋ ಮಗುವಿಗೆ ವೈದ್ಯರು ಊಟಕ್ಕೆ 10,000ದ್ದು ಎರಡು, ತಿಂಡಿಗೆ ಒಂದು ಬರೆದರು ಎಂದಿಟ್ಟುಕೊಳ್ಳಿ. ಮೂರು ಊಟ, ಮೂರು ತಿಂಡಿಗೆ ದಿನಕ್ಕೆ ಒಂಬತ್ತು. ಒಟ್ಟು 90,000 ಯೂನಿಟ್, ಅಂದರೆ ಕಿಲೋಗೆ 6,000, ಮಿತಿಯ ಒಳಗೇ. ತಿಂಗಳಿಗೆ 270 ಕ್ಯಾಪ್ಸೂಲ್. ಸಮಿತಿಯ ಬಜೆಟಿಗೆ ಇದೇ ದೊಡ್ಡ ಸಾಲು. ಸರ್ಕಾರದ ಕಾರುಣ್ಯ ಕಮ್ಯುನಿಟಿ ಫಾರ್ಮಸಿಯ ದರವನ್ನೂ ಹೊರಗಿನ ದರವನ್ನೂ ಎರಡನ್ನೂ ಬರೆಸಿಕೊಂಡು ನೋಡಿ.

ಕ್ಯಾಪ್ಸೂಲ್ ನುಂಗದ ಮಗುವಿಗೆ ಅದನ್ನು ಬಿಚ್ಚಿ ಕಾಳುಗಳನ್ನು ಒಂದು ಚಮಚ ಹುಳಿಯಂಶದ ಮೆತ್ತನೆ ಹಣ್ಣಿನ ತಿರುಳಿಗೆ, ಬೇಯಿಸಿ ಅರೆದ ಸೇಬಿಗೆ ಹಾಕಿ ಕೂಡಲೇ ಕೊಡಿ. ಬಿಸಿ ಗಂಜಿಗೆ, ಹಾಲಿಗೆ ಬೆರೆಸಿದರೆ ಹೊರಕವಚ ಕರಗಿ ಕಿಣ್ವ ಹೊಟ್ಟೆಯ ಆಮ್ಲದಲ್ಲೇ ಸಾಯುತ್ತದೆ. ಜಜ್ಜಿದರೂ ಅದೇ ಗತಿ. ಬಾಯಲ್ಲಿ ಕಾಳು ಉಳಿದರೆ ಹುಣ್ಣಾಗುತ್ತದೆ, ಮೇಲಿಂದ ನೀರು ಕುಡಿಸಿ. ಊಟದ ಶುರುವಿಗೆ ಕೊಡಬೇಕು, ಊಟ ಅರ್ಧ ಗಂಟೆ ಮೀರಿದರೆ ಅರ್ಧ ಮೊದಲು, ಅರ್ಧ ನಡುವೆ. ನೇಂದ್ರ ಚಿಪ್ಸ್, ತೆಂಗಿನ ಹಾಲಿನ ಪಾಯಸ, ಮೀನು ಹುರಿದದ್ದು, ಗೋಡಂಬಿ, ಎಲ್ಲಕ್ಕೂ ಕಿಣ್ವ ಬೇಕು. ಹಣ್ಣು, ಬೆಲ್ಲದ ನೀರು, ಬೊಂಡಕ್ಕೆ (ಎಳನೀರಿಗೆ) ಬೇಡ. ಮಲ ಎಣ್ಣೆಯಂತೆ, ಗಬ್ಬು ವಾಸನೆ, ಹೊಟ್ಟೆಯುಬ್ಬರ, ತೂಕ ಏರದೆ ನಿಲ್ಲುವುದು ಕಂಡರೆ ಪ್ರಮಾಣ ಸಾಲದು. ಡಬ್ಬಿಯನ್ನು ಕಾರಿನಲ್ಲಿ ಬಿಡಬೇಡಿ, ಕರಾವಳಿಯ ಸೆಕೆಗೆ ಕಿಣ್ವ ಸತ್ವ ಕಳಕೊಳ್ಳುತ್ತದೆ. ಕೊಬ್ಬು ಬೇಡ ಎಂದು ಸಪ್ಪೆ ಪಥ್ಯ ಮಾಡಿಸುವುದು ಹಳೆಯ ತಪ್ಪು. ಈ ಮಕ್ಕಳಿಗೆ ಬೇರೆ ಮಕ್ಕಳಿಗಿಂತ ಹೆಚ್ಚೇ ಕ್ಯಾಲರಿ ಬೇಕು, ತೆಂಗಿನೆಣ್ಣೆ ತುಪ್ಪ ಎಲ್ಲ ಇರಲಿ, ಜತೆಗೆ ಎ, ಡಿ, ಇ, ಕೆ ವಿಟಮಿನ್.

ಉಪ್ಪು. ಬೆವರಿನಲ್ಲಿ ಉಪ್ಪು ಸೋರಿಹೋಗುವುದೇ ಈ ಕಾಯಿಲೆಯ ಗುರುತು. ಬೆವರಿನ ಕ್ಲೋರೈಡ್ 60 ಅಥವಾ ಹೆಚ್ಚು ಬಂದರೆ ಸಿಎಫ್ ಎಂದು ಹೇಳುತ್ತಾರೆ, ನಿಮ್ಮ ಮಗುವಿನದ್ದು 98. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ನಮ್ಮ ಸೆಕೆ ಸಾಮಾನ್ಯದ್ದಲ್ಲ. ಗಂಜಿಗೆ ಉಪ್ಪು, ಜತೆಗೆ ಮಿಡಿ ಉಪ್ಪಿನಕಾಯಿ, ಆಟದ ನಡುವೆ ಒಆರ್‌ಎಸ್. ಒಂದು ಲೀಟರಿನ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಬೊಂಡ ಕುಡಿದರೆ ಸಾಕು ಎಂದುಕೊಳ್ಳಬೇಡಿ, ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಒಂದು ಚಿಟಿಕೆ ಉಪ್ಪು ಹಾಕಿ ಕೊಡಿ. ಮಗು ಆಟ ಬಿಟ್ಟು ಮುದುಡಿ ಮಲಗಿದರೆ, ವಾಂತಿ ಮಾಡಿದರೆ, ಊಟ ಬಿಟ್ಟರೆ ಆಸ್ಪತ್ರೆಗೆ ಹೋಗಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್, ಬೈಕಾರ್ಬನೇಟ್ ನೋಡಿಸಲು ಹೇಳಿ. ಇದು ಬರೀ ವಾಂತಿ ಭೇದಿ ಎಂದು ಕಳಿಸಿಬಿಡುವುದು ಆಗಾಗ ನಡೆಯುತ್ತದೆ, ಸಿಎಫ್ ಉಂಟೆಂದು ಬರೆದ ಒಂದು ಕಾಗದ ಯಾವಾಗಲೂ ಚೀಲದಲ್ಲಿರಲಿ.

ನೀರ್ಚಾಲು_ಫಿಸಿಯೋ

ಉಸಿರಿನ ಭಾಗ ನಾನು ಬರೆಯುತ್ತೇನೆ. ಮದ್ದನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಕಂಪ್ರೆಸರ್ ನೆಬ್ಯುಲೈಸರ್ ಒಂದು, ಔಷಧಿ ಹಾಕುವ ಕಪ್ಪು ಎರಡು ಸೆಟ್ಟಾದರೂ ತಗೊಳ್ಳಿ, ಒಂದು ಒಣಗುವಾಗ ಇನ್ನೊಂದು ಬಳಸಬಹುದು. ಕ್ರಮ ಹೀಗೆ: ಮೊದಲು ಶ್ವಾಸನಾಳ ಅಗಲಿಸುವ ಸಾಲ್ಬ್ಯುಟಮಾಲ್, 15 ನಿಮಿಷ ಬಿಟ್ಟು ಹೈಪರ್‌ಟಾನಿಕ್ ಸಲೈನ್ (ಉಪ್ಪಿನಂಶ ಹೆಚ್ಚಿರುವ ನೀರು) 4 ಮಿಲಿ, ಆಮೇಲೆ ಕಫ ತೆಗೆಯುವ ವ್ಯಾಯಾಮ, ಕೊನೆಗೆ ವೈದ್ಯರು ಬರೆದಿದ್ದರೆ ಆಂಟಿಬಯಾಟಿಕ್ ನೆಬ್ಯುಲೈಸೇಷನ್. ದಿನಕ್ಕೆ ಎರಡು ಸಲ. ಆಂಟಿಬಯಾಟಿಕ್ ಅನ್ನು ಮೊದಲೇ ಕೊಟ್ಟರೆ ಕಫದ ಮೇಲೆ ಕೂತು ಕೆಮ್ಮಿನೊಟ್ಟಿಗೆ ಹೊರಗೆ ಬರುತ್ತದೆ, ದುಬಾರಿ ಮದ್ದು ವ್ಯರ್ಥ. ಸಲೈನ್ 3 ಶೇಕಡಾದ್ದು ನಮ್ಮ ಅಂಗಡಿಗಳಲ್ಲಿ ಸಿಗುತ್ತದೆ, 7 ಶೇಕಡಾದ್ದು ಸಿಗುವುದು ಕಷ್ಟ. ಮೊದಲ ಡೋಸ್ ಆಸ್ಪತ್ರೆಯಲ್ಲೇ ಆಗಲಿ, ಕೆಲವು ಮಕ್ಕಳಿಗೆ ಎದೆ ಬಿಗಿಯುತ್ತದೆ. ಕಫ ತೆಳುವಾಗಿಸುವ ಡಾರ್ನೇಸ್ ಆಲ್ಫಾ ಬರೆದಿದ್ದರೆ ದಿನಕ್ಕೆ ಒಂದು ಆಂಪ್ಯೂಲ್, 2.5 ಮಿಲಿಗ್ರಾಂ, ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು, ಬೇರೆ ಔಷಧಿ ಜತೆ ಒಂದೇ ಕಪ್ಪಿನಲ್ಲಿ ಬೆರೆಸಬಾರದು. ಅಲ್ಟ್ರಾಸಾನಿಕ್ ಮೆಷಿನಿನಲ್ಲಿ ಹಾಕಬಾರದು.

ಐದು ವರ್ಷದ ಮಗುವಿಗೆ ಬೆನ್ನು ತಟ್ಟುವುದಕ್ಕಿಂತ ಗುಳ್ಳೆ ಬಾಟಲಿ ಇಷ್ಟ ಆಗ್ತದೆ. ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿ, ಒಳವ್ಯಾಸ 8ರಿಂದ 10 ಮಿಲಿಮೀಟರ್ ಇರುವ ಮೆತ್ತನೆ ಪೈಪು, ಪೈಪಿನ ತುದಿ ತಳಕ್ಕೆ, ನೀರು 10 ಸೆಂಟಿಮೀಟರ್ ಎತ್ತರಕ್ಕೆ. ನೀರಿನ ಎತ್ತರವೇ ಉಸಿರಿಗೆ ಸಿಗುವ ಒತ್ತಡ. ಜ್ಯೂಸ್ ಸ್ಟ್ರಾದಂಥ ಸಪೂರ ಪೈಪು ಹಾಕಿದರೆ ಒತ್ತಡ ವಿಪರೀತ ಏರುತ್ತದೆ, ಬಾಟಲಿಯ ಬಾಯಿ ಪೈಪಿನಿಂದ ಮುಚ್ಚಿಹೋದರೂ ಹಾಗೇ. ಮೂಗಿನಲ್ಲಿ ಉಸಿರೆಳೆದು ಮೂರು ಸೆಕೆಂಡ್ ನಿಧಾನ ಊದಬೇಕು, ಹತ್ತು ಸಲ. ಆಮೇಲೆ ಕನ್ನಡಿಗೆ ಹಬೆ ಹಿಡಿಸುವ ಹಾಗೆ "ಹಾ" ಎಂದು ಜೋರಾಗಿ ಎರಡು ಮೂರು ಸಲ, ಕೆಮ್ಮು, ವಿಶ್ರಾಂತಿ. ಇದನ್ನು ಐದಾರು ಸುತ್ತು. ನೀರನ್ನು ಬಳಸಿದ ಕೂಡಲೇ ಚೆಲ್ಲಬೇಕು, ನಿಂತ ನೀರೇ ಸ್ಯೂಡೋಮೊನಾಸಿಗೆ ಮನೆ. ಒಳವ್ಯಾಸ, ನೀರಿನ ಎತ್ತರ ಎರಡನ್ನೂ ಒಮ್ಮೆ ಫಿಸಿಯೋಥೆರಪಿಸ್ಟಿಗೆ ತೋರಿಸಿ. ಊಟ ಆದ ಕೂಡಲೇ ಮಾಡಿಸಬೇಡಿ, ವಾಂತಿ ಆಗ್ತದೆ.

ಕಪ್ಪನ್ನು ಪ್ರತಿ ಸಲ ಸೋಪು ನೀರಿನಲ್ಲಿ ತೊಳೆದು ಐದು ನಿಮಿಷ ಕುದಿಸಿ. ಕುದಿಸಿದ ಮೇಲೆ ಬಾವಿಯ, ಸುರಂಗದ ಅಥವಾ ನಳ್ಳಿಯ ನೀರಿನಲ್ಲಿ ಮತ್ತೆ ತೊಳೆದರೆ ಕುದಿಸಿದ್ದು ದಂಡ. ಮಳೆಗಾಲದಲ್ಲಿ ಇಲ್ಲಿ ಏನೂ ಒಣಗುವುದಿಲ್ಲ, ಹಾಗಾಗಿ ಮಕ್ಕಳ ಹಾಲಿನ ಬಾಟಲಿಗೆಂದು ಮಾರುವ ಕರೆಂಟಿನ ಸ್ಟೀಮ್ ಸ್ಟೆರಿಲೈಸರ್ ಒಂದನ್ನು ಸಮಿತಿ ಕೊಡಿಸುವುದು ಒಳ್ಳೆಯದು. ಜೂನ್ ಜುಲೈಯಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ, ನೆಬ್ಯುಲೈಸರಿಗೆ ಇನ್ವರ್ಟರ್ ಅಥವಾ ಬ್ಯಾಟರಿ ಇರುವ ಮೆಷಿನ್ ಪಟ್ಟಿಯಲ್ಲಿರಲಿ. ಕೆಸರುಗದ್ದೆ, ಮಣ್ಣಿನ ಹೊಂಡದಲ್ಲಿ ಮಳೆಗಾಲದಲ್ಲಿ ಆಡಿಸಬೇಡಿ. ನಮ್ಮ ಕರಾವಳಿಯ ಮಣ್ಣಿನಲ್ಲಿ ಮೆಲಿಯಾಯ್ಡೋಸಿಸ್ ಎಂಬ ಸೋಂಕು ತರುವ ಬ್ಯಾಕ್ಟೀರಿಯಾ ಉಂಟು, ಸಿಎಫ್ ಶ್ವಾಸಕೋಶಕ್ಕೆ ಅದು ಕೆಟ್ಟದ್ದು. ಸೊಳ್ಳೆಬತ್ತಿ, ಒಲೆ ಹೊಗೆ, ತರಗೆಲೆ ಸುಡುವುದು, ಮೂರೂ ದೂರ. ಕಫ ಅಥವಾ ಗಂಟಲಿನ ಸ್ವಾಬ್ ಕಲ್ಚರ್ ಮೂರು ತಿಂಗಳಿಗೊಮ್ಮೆ ಮಾಡಿಸಬೇಕು. ಸ್ಯೂಡೋಮೊನಾಸ್ ಮೊದಲ ಸಲ ಕಂಡಾಗಲೇ ಮದ್ದು ಕೊಟ್ಟರೆ ಓಡಿಸಬಹುದು. ದಕ್ಷಿಣದಲ್ಲಿ ಸಿಎಫ್ ಬಗ್ಗೆ ತುಂಬ ಅನುಭವ ಇರುವುದು ವೆಲ್ಲೂರಿನ ಸಿಎಂಸಿಗೆ, ವರ್ಷಕ್ಕೊಮ್ಮೆಯಾದರೂ ಅಂಥ ಕಡೆ ತೋರಿಸಲು ಪ್ರಯಾಣದ ಖರ್ಚು ಇಟ್ಟುಕೊಳ್ಳಿ.

ಲೆಕ್ಕಪತ್ರ_ಬದಿಯಡ್ಕ

ತಂದೆಯ ಖಾತೆ ಬೇಡ. ಕಾರಣ ಮೂರು. ಸಂಬಂಧಿಕರಲ್ಲದವರಿಂದ ಒಬ್ಬ ವ್ಯಕ್ತಿಗೆ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಹಣ ಬಂದರೆ ಪೂರ್ತಿ ಮೊತ್ತ ಅವನ ಆದಾಯವೆಂದು ತೆರಿಗೆಗೆ ಬೀಳಬಹುದು. ಎರಡನೆಯದು, ಯುಪಿಐಯಲ್ಲಿ ಎಲ್ಲಿಂದಲೋ ಬಂದ ಒಂದು ಪಾವತಿ ಸೈಬರ್ ದೂರಿನಲ್ಲಿ ಸಿಕ್ಕಿದರೆ ಖಾತೆಗೇ ತಡೆ ಬೀಳುತ್ತದೆ. ಕೂಲಿಯ ಹಣ, ರೇಷನ್ ಹಣ, ಮದ್ದಿನ ಹಣ ಒಂದೇ ಖಾತೆಯಲ್ಲಿದ್ದರೆ ಮನೆಯೇ ನಿಲ್ಲುತ್ತದೆ. ಮೂರನೆಯದು ಊರಿನ ಮಾತು. ಮನೆಗೆ ಹೊಸ ಹಂಚು ಹಾಕಿದರೂ ನಿಧಿಯ ಹಣವಾ ಎಂದು ಕೇಳುವವರು ಇದ್ದಾರೆ, ಆ ಹಿಂಸೆ ಆ ತಾಯಿಗೆ ಬೇಡ.

ಸಮಿತಿಯ ಹೆಸರಿನಲ್ಲಿ ನಡಾವಳಿ ಬರೆದು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಿರಿ, ಮೂವರಲ್ಲಿ ಇಬ್ಬರ ಸಹಿ ಇಲ್ಲದೆ ಹಣ ತೆಗೆಯುವ ಹಾಗಿರಬಾರದು. ಮೂವರಲ್ಲಿ ಒಬ್ಬರು ಕುಟುಂಬದವರಿರಲಿ. ಸಾಧ್ಯವಿದ್ದಷ್ಟು ಹಣ ಆಸ್ಪತ್ರೆಗೆ, ಮದ್ದಿನಂಗಡಿಗೆ ನೇರ ಪಾವತಿಯಾಗಲಿ. ದೊಡ್ಡ ಮೊತ್ತ ಕೊಡುವವರಿಗೆ ತೆರಿಗೆ ರಿಯಾಯಿತಿ ಬೇಕಾದರೆ 80ಜಿ (ದಾನಕ್ಕೆ ತೆರಿಗೆ ರಿಯಾಯಿತಿಯ) ನೋಂದಣಿ ಇರುವ ಟ್ರಸ್ಟ್ ಮೂಲಕ ಬರಬೇಕು, ನಿಮ್ಮ ಸಮಿತಿಯ ರಶೀದಿಗೆ ಆ ಬಲ ಇಲ್ಲ. ಅದರಲ್ಲೂ 2,000 ರೂಪಾಯಿ ಮೀರಿದ ನಗದಿಗೆ ರಿಯಾಯಿತಿ ಸಿಗದು. ಗಲ್ಫಿನಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟ್ ಇದ್ದು ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ವಿದೇಶಿ ಪಾಸ್‌ಪೋರ್ಟ್ ಇರುವವರ, ಒಸಿಐ ಕಾರ್ಡಿನವರ ಹಣ ವಿದೇಶಿ ದೇಣಿಗೆ ಎಂದಾಗುತ್ತದೆ. ವಿದೇಶಿ ದೇಣಿಗೆ ಕಾನೂನಿನ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ಸಮಿತಿ ಅದನ್ನು ತೆಗೆದುಕೊಳ್ಳಬಾರದು.

ಬಿರಿಯಾನಿ ಚಾಲೆಂಜಿನ ಲೆಕ್ಕ. 1,000 ಪೊಟ್ಟಣಕ್ಕೆ ಅಕ್ಕಿ ಸುಮಾರು 125 ಕಿಲೋ, ಕೋಳಿ 150 ಕಿಲೋ. ಕೂಪನ್ 120, ಖರ್ಚು 80 ಎಂದಾದರೆ ಉಳಿಯುವುದು 40,000. ಅಕ್ಕಿ, ಎಣ್ಣೆ, ಕಟ್ಟಿಗೆ ಯಾರಾದರೂ ದಾನ ಕೊಟ್ಟರೆ ಮಾತ್ರ ಅದು ಇಮ್ಮಡಿಯಾಗುತ್ತದೆ. ಎರಡು ದಿನ ಮೊದಲೇ ಕೂಪನ್ ಬಂದ್ ಮಾಡಿ ಎಣಿಸಿದ ಮೇಲೆಯೇ ಕೋಳಿ ಹೇಳಿ, ಮಾರಾಟವಾಗದ 200 ಪೊಟ್ಟಣ ಉಳಿದರೆ ಲಾಭದ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಬಯಲಾಟಕ್ಕೆ ಮೇಳದ ವೀಳ್ಯ, ಚಪ್ಪರ, ಧ್ವನಿವರ್ಧಕ ಎಂದು ಮೊದಲೇ ದೊಡ್ಡ ಖರ್ಚು. ಪ್ರಾಯೋಜಕರು ಸಿಗದಿದ್ದರೆ ತಾಳಮದ್ದಳೆಗೆ ಇಳಿಸಿ, ಅರ್ಥಧಾರಿಗಳು ಸಂಭಾವನೆ ಬಿಟ್ಟುಕೊಟ್ಟರೆ ಖರ್ಚೇ ಇಲ್ಲ. ಬಸ್ಸಿನ ಕಾರುಣ್ಯ ಯಾತ್ರೆಯಲ್ಲಿ ಡೀಸೆಲ್ ಕಳೆದು ಉಳಿದದ್ದು ಬರುತ್ತದೆ, ಬಕೆಟಿಗೆ ಸೀಲ್ ಹಾಕಿ ಅದೇ ಸಂಜೆ ಮೂವರ ಮುಂದೆ ಎಣಿಸಿ.

ಇವೆಲ್ಲ ಒಮ್ಮೆಯ ಹಣ. ಕುಂಬಳೆಯವರು ಹೇಳಿದ ಒರತೆಗೆ ದಾರಿ ಬೇರೆ: ತಿಂಗಳಿಗೆ 100 ರೂಪಾಯಿ ಕೊಡುವ 200 ಮನೆ ಹುಡುಕಿ, ತಿಂಗಳಿಗೆ 20,000 ಆಯಿತು. ಹೆಂಗಸರ ಸ್ವಸಹಾಯ ಗುಂಪುಗಳಾದ ಕುಟುಂಬಶ್ರೀ ಘಟಕಗಳು ವಾರ ವಾರ ಸೇರುತ್ತವೆ, ಸಂಗ್ರಹದ ಅಭ್ಯಾಸ ಅವರಿಗೆ ಉಂಟು. ಬಿರಿಯಾನಿಯ ಹಣವನ್ನು ಆರು ತಿಂಗಳ ಆಪತ್ ನಿಧಿಯಾಗಿ ಇಡಿ, ತಿಂಗಳ ಹಣದಲ್ಲಿ ಕಿಣ್ವ ಸಲೈನ್ ನಡೆಯಲಿ.

ಸರ್ಕಾರದ ಕಡೆಯಿಂದ: 2021ರ ಅಪರೂಪದ ರೋಗ ನೀತಿಯಲ್ಲಿ ಸಿಎಫ್ ಉಂಟು, ಕಿಣ್ವಕ್ಕೂ ಉಂಟು, ದುಬಾರಿ ಮಾತ್ರೆಯ ಗುಂಪಿನಲ್ಲೂ ಉಂಟು. 2022ರಿಂದ ನೆರವಿನ ಮಿತಿ 50 ಲಕ್ಷ. ಆ ಹಣ ಕುಟುಂಬದ ಕೈಗೆ ಬರುವುದಿಲ್ಲ, ಮಾನ್ಯತೆ ಪಡೆದ ಉತ್ಕೃಷ್ಟತಾ ಕೇಂದ್ರದ ಮೂಲಕ ಚಿಕಿತ್ಸೆಗೆ ಹೋಗುತ್ತದೆ. ಕೇರಳದಲ್ಲಿ ಅದು ತಿರುವನಂತಪುರದ ಎಸ್‌ಎಟಿ ಆಸ್ಪತ್ರೆ. ಮಗುವಿನ ಹೆಸರು ಅಲ್ಲಿ ನೋಂದಣಿಯಾಗದೆ ಯಾವ ಅರ್ಜಿಯೂ ಚಲಿಸದು, ಹಾಗಾಗಿ ಮೊದಲ ರೈಲು ಅಲ್ಲಿಗೆ. ಅಪರೂಪದ ರೋಗಗಳಿಗೆಂದು ಇರುವ ರಾಜ್ಯದ ಕೇರ್ ಯೋಜನೆಯ ಬಗ್ಗೆಯೂ ಅಲ್ಲೇ ಕೇಳಿ. ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡಿನಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಒಳರೋಗಿ ಚಿಕಿತ್ಸೆ ಉಂಟು, ಮನೆಯಲ್ಲಿ ದಿನಾ ಕೊಡುವ ಕಿಣ್ವಕ್ಕೆ ಅದು ಬರುವುದಿಲ್ಲ. ಮಂಗಳೂರಿನ ಆಸ್ಪತ್ರೆಗೆ ಸೇರಿಸುವುದಾದರೆ ಕಾರ್ಡ್ ಅಲ್ಲಿ ನಡೆಯುತ್ತದೋ ಎಂದು ಸೇರಿಸುವ ಮೊದಲೇ ಕೇಳಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಸೇವೆಗಳ ಆನ್‌ಲೈನ್ ಕೇಂದ್ರ) ಅರ್ಜಿ ಹಾಕಬಹುದು. ಕಾಸರಗೋಡು, ಮಂಜೇಶ್ವರ ತಾಲೂಕಿನವರು ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಆದರೆ ರೋಗದ ಹೆಸರು, ಔಷಧಿಯ ಹೆಸರು ವೈದ್ಯರ ಕಾಗದದಲ್ಲಿರುವ ಅಕ್ಷರದಲ್ಲೇ ನಕಲಾಗಲಿ. ಮೂರು ಕಾಗದದಲ್ಲಿ ಮೂರು ಕಾಗುಣಿತ ಇದ್ದರೆ ಫೈಲು ವಾಪಸ್ ಬರುತ್ತದೆ.

ಪೆರ್ಲ_ಸಮಿತಿ

ಎಲ್ಲರಿಗೂ ಕೈಮುಗಿಯುತ್ತೇವೆ. ವೇದಿಕೆಯ ಕಾರ್ಯಕ್ರಮ ಕೈಬಿಟ್ಟೆವು. ಹೊಸ ಕರಡು ಹೀಗೆ: "ನಮ್ಮ ಊರಿನ ಮಗುವೊಂದಕ್ಕೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟಿನಿಂದ ಬಂದ ಕಾಯಿಲೆ ಇದೆ. ಇದು ಹರಡುವುದಿಲ್ಲ. ದಿನಾ ಕಿಣ್ವ, ನೆಬ್ಯುಲೈಸೇಷನ್, ಪೋಷಕಾಹಾರ ಬೇಕು. ತಿಂಗಳಿಗೆ 100 ರೂಪಾಯಿ ಕೊಡುವ 200 ಮನೆಗಳು ಬೇಕಾಗಿವೆ. ಜೀನ್ ವರದಿ ಬಂದ ಮೇಲೆ ಮುಂದಿನ ಚಿಕಿತ್ಸೆಯ ವಿವರ ತಿಳಿಸುತ್ತೇವೆ." ಕೆಳಗೆ ಮಗುವಿನ ಫೋಟೋ, ಮನೆಯ ಹೆಸರು, ಖಾತೆ ನಂಬರು. ಒಂದು ಸಂಶಯ: ಗಲ್ಫಿನ ಕೆಲವರು "ಔಷಧಿ ಕಂಡುಹಿಡಿಯಲು ಸಂಶೋಧನೆಗೂ ಸ್ವಲ್ಪ ಕೊಡೋಣ" ಅಂತಾರೆ. ಅದನ್ನೂ ಸೇರಿಸಬಹುದಾ?

ಕುಂಬಳೆ_ಮೆಡಿಕಲ್ಸ್

ಒಳ್ಳೆಯ ಮನಸ್ಸು, ಆದರೆ ಒಂದೇ ಖಾತೆಯಲ್ಲಿ ಬೇಡ. ಅಮೆರಿಕದಲ್ಲಿ 1955ರಲ್ಲಿ ಮಕ್ಕಳ ತಂದೆ ತಾಯಿಗಳು ಕಟ್ಟಿದ ಸಿಎಫ್ ಫೌಂಡೇಷನ್ ದೇಣಿಗೆ ಸಂಗ್ರಹಿಸಿ ಔಷಧ ಕಂಪೆನಿಯ ಸಂಶೋಧನೆಗೇ ಸುಮಾರು 15 ಕೋಟಿ ಡಾಲರ್ ಹಾಕಿತು. ಅದರಿಂದಲೇ 2012ರಲ್ಲಿ ಐವಾಕ್ಯಾಫ್ಟರ್ ಬಂತು. ತನ್ನ ರಾಯಲ್ಟಿಯ ಹಕ್ಕನ್ನು 2014ರಲ್ಲಿ 330 ಕೋಟಿ ಡಾಲರಿಗೆ ಮಾರಿ, ಆ ಹಣವನ್ನು ಮುಂದಿನ ಸಂಶೋಧನೆಗೆ ಇಟ್ಟಿತು. ಈಗಿನ ಮಾತ್ರೆ ಹೊಂದದ ಮಕ್ಕಳಿಗೆಂದು 2019ರಲ್ಲಿ 50 ಕೋಟಿ ಡಾಲರಿನ ಬೇರೆ ಯೋಜನೆಯನ್ನೂ ಶುರುಮಾಡಿದೆ. ಕುಟುಂಬಗಳ ಚಿಲ್ಲರೆ ಹಣದಿಂದ ಔಷಧಿ ಹುಟ್ಟಿದ್ದು ನಿಜ. ಅದೇ ಔಷಧಿ ನಮ್ಮ ಕೈಗೆಟುಕದ ಬೆಲೆಗೆ ಕೂತದ್ದೂ ಅಷ್ಟೇ ನಿಜ. ಸಂಶೋಧನೆಗೆ ಕೊಡುವವರು ಅಂಥ ಸಂಸ್ಥೆಗಳಿಗೆ ತಾವೇ ನೇರ ಕೊಡಲಿ. ಮಗುವಿನ ಚಿಕಿತ್ಸೆಗೆಂದು ಕೇಳಿದ ಹಣದಲ್ಲಿ ಒಂದು ರೂಪಾಯಿಯೂ ಬೇರೆ ಕಡೆ ಹೋಗಬಾರದು.

ಲೆಕ್ಕಪತ್ರ_ಬದಿಯಡ್ಕ

ಕರಡಿನಲ್ಲಿ ಮೂರು ತಿದ್ದುಪಡಿ. ಫೋಟೋ, ಮನೆಯ ಹೆಸರು ತೆಗೆಯಿರಿ. ಈ ಮಗು ನಾಳೆ ಹೈಸ್ಕೂಲಿಗೆ ಹೋಗುತ್ತದೆ, ಮದುವೆಯ ಪ್ರಾಯಕ್ಕೆ ಬರುತ್ತದೆ, ಪೋಸ್ಟರು ಮಾತ್ರ ಫೋನುಗಳಲ್ಲಿ ಹಾಗೇ ಉಳಿಯುತ್ತದೆ. ವಾರ್ಡಿನ ನಂಬರು ಮತ್ತು ಸಮಿತಿಯ ಇಬ್ಬರ ಫೋನ್ ಸಾಕು. ಎರಡನೆಯದು, ಪ್ರತಿ ತಿಂಗಳ 5ರಂದು ಜಮಾ ಖರ್ಚು ಪಂಚಾಯತ್ ಬೋರ್ಡಿನಲ್ಲಿ ಹಾಕುತ್ತೇವೆಂದು ಒಂದು ಸಾಲು ಸೇರಿಸಿ, ಹಾಕಿ ಕೂಡ. ಮದ್ದಿನ ಬಿಲ್ಲಿನಲ್ಲಿ ಮಗುವಿನ ಹೆಸರು ಮುಚ್ಚಿ ಫೋಟೋ ತೆಗೆಯಬಹುದು. ಮೂರನೆಯದು, ಹಣ ಮಿಕ್ಕಿದರೆ ಯಾರಿಗೆ ಎಂದು ಈಗಲೇ ನಡಾವಳಿಯಲ್ಲಿ ಬರೆಯಿರಿ. ಮುಳ್ಳೇರಿಯದ ಹುಡುಗನ ಮನೆಯವರು ಒಪ್ಪಿದರೆ ಅವನಿಗೆ ಎಂದು ಬರೆಯಬಹುದು. ಪೋಸ್ಟರ್ ಕನ್ನಡ, ಮಲಯಾಳ ಎರಡರಲ್ಲೂ ಇರಲಿ, ಖಾತೆ ನಂಬರು ಎರಡರಲ್ಲೂ ಒಂದೇ ಉಂಟೋ ಎಂದು ಅಚ್ಚಿಗೆ ಕೊಡುವ ಮೊದಲು ಇಬ್ಬರು ಬೇರೆ ಬೇರೆಯಾಗಿ ಓದಿ ನೋಡಿ.